ಮೂರು ಸೆಕೆಂಡಿನ ಉತ್ತರ

ನಮ್ಮ ವಿಜ್ಞಾನದ ಮಾಸ್ತರರ ಬಲಗೈ ತೋರುಬೆರಳಿಗೆ ಉಗುರು ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಸಿಪ್ಪೆ ಸುಲಿದ ಶೇಂಗಾದ ಹಾಗೆ ನುಣ್ಣಗಿನ, ನಸುಗೆಂಪು ಚರ್ಮ. ಅದು ಯಾವಾಗ ಹೋಯಿತು, ಹೇಗೆ ಹೋಯಿತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಬೆರಳಿನಿಂದಲೇ ಅವರು ಬೋರ್ಡಿನ ಮೇಲಿನ ಸೂತ್ರ ತೋರಿಸುತ್ತಿದ್ದರು. ಉತ್ತರ ಬರದವರ ಹಣೆಯನ್ನು ಅದೇ ಬೆರಳಿನಿಂದ ಬಾಗಿಲು ಬಡಿದಂತೆ ಮೂರು ಸಲ ಬಡಿದು, “ಒಳಗ ಯಾರರೆ ಅದಾರೇನು?” ಎಂದು ಕೇಳುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ನಗದವರ ಹಣೆಗೆ ಮುಂದಿನ ಸರದಿ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮತ್ತು ನನ್ನ ಚಿಕ್ಕಪ್ಪನ ಮಗಳು ಗಂಗಾ ಹೆಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಧಾರವಾಡದ ಹೈಸ್ಕೂಲಿಗೆ ಹೋಗುತ್ತಿದ್ದೆವು. ಗಂಗಾ ನನಗಿಂತ ಏಳು ತಿಂಗಳಿಗೆ ಚಿಕ್ಕವಳು. ಒಂದೇ ಮನೆ, ಒಂದೇ ತರಗತಿ, ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿದ ಲಂಗ. ಆದರೂ ತಪ್ಪದೆ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಮೊದಲ ದಿನ ಮಾಸ್ತರರು ನಮ್ಮ ಹೆಸರು ಕೇಳಲಿಲ್ಲ, ಊರು ಕೇಳಿದರು. ಅಂದಿನಿಂದ ನಾನು ‘ಹೆಬ್ಬಳ್ಳಿ ದೊಡ್ಡಾಕಿ’, ಅವಳು ‘ಹೆಬ್ಬಳ್ಳಿ ಸಣ್ಣಾಕಿ’.

ಆ ಮನುಷ್ಯ ಒಂದು ದಿನವೂ ಶಾಲೆ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಸೈಕಲ್ಲಿನ ಸೀಟಿನ ಮೇಲೆ ಕರವಸ್ತ್ರ ಹಾಸಿ ಕೂತು ಬರುತ್ತಿದ್ದರು. ಇಳಿದ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಡುತ್ತಿದ್ದರು. ತರಗತಿಗೆ ಬಂದವರೇ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುವುದು, ಬೋರ್ಡಿಗೆ ತಿರುಗುವುದು. ಪುಸ್ತಕ ತೆರೆಯುತ್ತಿರಲಿಲ್ಲ, ಕಂಪಾಸ್ ಇಲ್ಲದೆ ಒಂದೇ ಎಳೆತಕ್ಕೆ ವೃತ್ತ ಬರೆಯುತ್ತಿದ್ದರು. ಗಂಟೆ ಬಾರಿಸಿದ ಮೇಲೆ ಬಂದವರಿಗೆ ಒಳಗೆ ಪ್ರವೇಶವಿಲ್ಲ. ನಮ್ಮ ಬಸ್ಸು ವಾರದಲ್ಲಿ ಎರಡು ದಿನವಾದರೂ ತಡವಾಗುತ್ತಿತ್ತು. ಒಂಬತ್ತನೇ ತರಗತಿಯ ಅರ್ಧ ವಿಜ್ಞಾನವನ್ನು ನಾನು ಮತ್ತು ಗಂಗಾ ಕಿಟಕಿಯ ಹೊರಗೆ ನಿಂತು ಕಲಿತೆವು. ಮಳೆ ಬಂದರೆ ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು ನಿಲ್ಲುತ್ತಿದ್ದೆವು. ಹಾಗೆ ನಾವು ಹೊರಗೆ ನಿಂತ ದಿನ ಮಾಸ್ತರರು ಕಿಟಕಿಯ ಕಡೆಗೆ ತಿರುಗಿ, ದನಿ ಏರಿಸಿ ಪಾಠ ಹೇಳುತ್ತಿದ್ದರು. ಬೋರ್ಡಿನ ಮೇಲೆ ಅಕ್ಷರ ದೊಡ್ಡದು ಮಾಡುತ್ತಿದ್ದರು. ಒಳಗೆ ಮಾತ್ರ ಬಿಡುತ್ತಿರಲಿಲ್ಲ.

ಅವರ ಪಾಠದಲ್ಲಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಮೇಲಕ್ಕೆ ಎಸೆದ ವಸ್ತುವಿನ ಪಾಠ. ಅವತ್ತು ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದರು. ಒಂದು ರಬ್ಬರ್ ಚೆಂಡನ್ನು ಬೇವಿನ ಮರಕ್ಕಿಂತ ಎತ್ತರಕ್ಕೆ ಎಸೆದರು. ಚೆಂಡು ಮೇಲೆ ಮೇಲೆ ಹೋದಂತೆ ಸಾವಕಾಶವಾಗಿ, ತುದಿಯಲ್ಲಿ ಅರೆಕ್ಷಣ ತೂಗಿದಂತೆ ಕಂಡು, ಕೆಳಗೆ ಬಂತು. ಹಿಡಿಯಲು ಓಡಿದ ಹುಡುಗನಿಗೆ ಗದರಿದರು.

“ಅದನ್ನ ಯಾಕ ನೋಡತಿ? ಬೀಳೂದು ಯಾರಿಗೆ ಬರೂದಿಲ್ಲ? ಮ್ಯಾಲ ಹೋಗಾಕ ಎಷ್ಟು ಹೊತ್ತು ಬೇಕಾತು, ಅದನ್ನ ಹೇಳು.”

ಒಳಗೆ ಬಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಭೂಮಿ ಪ್ರತಿ ಸೆಕೆಂಡಿಗೆ ಚೆಂಡಿನ ವೇಗದಲ್ಲಿ ಒಂಬತ್ತು ಪಾಯಿಂಟ್ ಎಂಟರಷ್ಟನ್ನು ಕಿತ್ತುಕೊಳ್ಳುತ್ತದೆ. ಹಾಗಾದರೆ ಎಸೆದ ವೇಗವನ್ನು ಒಂಬತ್ತು ಪಾಯಿಂಟ್ ಎಂಟರಿಂದ ಭಾಗಿಸಿದರೆ ತುದಿ ಮುಟ್ಟುವ ಹೊತ್ತು ಸಿಕ್ಕಿತು. ಅಷ್ಟೇ. ಇಷ್ಟು ಚೆನ್ನಾಗಿ ಅದನ್ನು ಹೇಳಿಕೊಟ್ಟವರನ್ನು ಆಮೇಲೆ ಯೂನಿವರ್ಸಿಟಿಯಲ್ಲೂ ನಾನು ನೋಡಲಿಲ್ಲ.

ಮರುದಿನ ಲೆಕ್ಕ ಕೇಳಿದರು. ಚೆಂಡನ್ನು ಸೆಕೆಂಡಿಗೆ ಇಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ತುದಿ ಮುಟ್ಟಲು ಎಷ್ಟು ಹೊತ್ತು?

“ಸಣ್ಣಾಕಿ, ಏಳು.”

ಗಂಗಾ ಎದ್ದು ನಿಂತಳು. ಅವಳ ನೋಟ್‌ಬುಕ್ಕಿನಲ್ಲಿ ಭಾಗಾಕಾರ ಮುಗಿದಿತ್ತು, ಪಕ್ಕದಲ್ಲೇ ಕೂತಿದ್ದ ನನಗೆ ಕಾಣುತ್ತಿತ್ತು. ಆದರೆ ಅವಳು ಉತ್ತರ ಹೇಳುವ ಬದಲು ಕೇಳಿದಳು:

“ಸರ್, ತುದಿಗೆ ಹೋದಾಗ ವೇಗ ಸೊನ್ನಿ ಆಗತೈತಿ ಅಂದ್ರಿ. ಸೊನ್ನಿ ಅಂದ್ರ ನಿಂತಂಗ ಅಲ್ರಿ? ಮತ್ತ ಅಲ್ಲೆ ಎಷ್ಟು ಹೊತ್ತು ನಿಂದರತೈತ್ರಿ? ಆ ಹೊತ್ತನ್ನೂ ಇದರಾಗ ಕೂಡಸಬೇಕೇನ್ರಿ?”

ಮಾಸ್ತರರು ಅವಳನ್ನೇ ನೋಡಿದರು. ಆ ನೋಟವನ್ನು ನಾನು ಅಂದು ಸಿಟ್ಟು ಎಂದುಕೊಂಡೆ.

“ಪ್ರಶ್ನಿ ಕೇಳಾಂವ ನಾನು. ನೀ ಉತ್ತರ ಹೇಳಾಕಿ. ಎಷ್ಟು ಸೆಕೆಂಡ?”

“ನಿಂದರೂ ಹೊತ್ತು ತಿಳೀಲಾರದ ಹೆಂಗ ಹೇಳಲಿ ಸರ್?”

“ದೊಡ್ಡಾಕಿ, ನೀ ಹೇಳು.”

ನಾನು ಎದ್ದೆ. “ಮೂರು ಸೆಕೆಂಡ್ ರಿ ಸರ್.”

“ಹೊಡಿ ಅಕಿಗೆ.”

ಅದು ಅವರ ತರಗತಿಯ ನಿಯಮ. ಸರಿ ಉತ್ತರ ಹೇಳಿದವರು ತಪ್ಪಿದವರ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕು. ಹಣೆ ಬಡಿಯುವುದನ್ನು ಬಿಟ್ಟರೆ ಅವರು ಸ್ವತಃ ಯಾರ ಮೇಲೂ ಕೈ ಎತ್ತುತ್ತಿರಲಿಲ್ಲ. ಮಕ್ಕಳಿಂದ ಮಕ್ಕಳಿಗೆ ಹೊಡೆಸುತ್ತಿದ್ದರು. ಬೇರೆಯವರಿಗೆ ನಾನು ಎಷ್ಟೋ ಸಲ ಹೊಡೆದಿದ್ದೆ. ಗಂಗಾಗೆ ಅದೇ ಮೊದಲು.

ನಾನು ಅವಳ ಮೂಗು ಹಿಡಿದು ಕೆನ್ನೆಗೆ ಮೆಲ್ಲಗೆ ತಟ್ಟಿದೆ.

“ಇದು ಹೊಡತ ಅಲ್ಲ, ಮುದ್ದು ಮಾಡೂದು. ಮತ್ತೊಮ್ಮೆ.”

ಇನ್ನೊಂದು ಹೊಡೆದೆ. ಗಂಗಾ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮೂರು ಎಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತಲ್ಲ, ಪುಸ್ತಕದಲ್ಲಿ ಬರೆದುಕೊಂಡೂ ಹೇಳಲಿಲ್ಲವಲ್ಲ ಎಂದು ನನಗೆ ಅವಳ ಮೇಲೆಯೇ ಸಿಟ್ಟು ಬಂತು.

“ಮತ್ತೊಮ್ಮೆ. ಇಲ್ಲಾಂದ್ರ ಅಕಿ ಕಡಿಂದ ನಿನಗ ಹೊಡಸತೇನಿ.”

ಮೂರನೆಯ ಏಟಿಗೆ ನನ್ನ ಕೈಯ ಗಾಜಿನ ಬಳೆ ಒಡೆದು ಅವಳ ಕೆನ್ನೆಯ ಮೇಲೆ ಗೀರು ಬಿತ್ತು. ಸಣ್ಣಗೆ ರಕ್ತ ಬಂತು. ಮಾಸ್ತರರು ಗಡಿಯಾರ ನೋಡಿ, “ಕೂಡ್ರಿ, ಹೊತ್ತು ಹಾಳಾತು” ಎಂದು ಬೋರ್ಡಿಗೆ ತಿರುಗಿದರು.

ಸಂಜೆ ಬಸ್ಸಿನಲ್ಲಿ ಗಂಗಾ ಕಿಟಕಿಯ ಪಕ್ಕ ಕೂತಿದ್ದಳು. ನಾನು ಬಳೆಯ ವಿಷಯ ತೆಗೆದೆ, ಬೇಕೆಂದು ಮಾಡಲಿಲ್ಲ ಎಂದೆ.

“ಮೊದಲ ಎರಡು ಮಾಸ್ತರರ ಸಲುವಾಗಿ ಹೊಡದಿ,” ಅಂದಳು. “ಮೂರನೇದು ನಿಂದು.”

ಮನೆಯಲ್ಲಿ ಬಸ್ಸಿನ ಕಿಟಕಿಯ ತಗಡು ತಾಗಿತು ಎಂದು ಅವಳೇ ಸುಳ್ಳು ಹೇಳಿದಳು. ಅವಳ ತಾಯಿ, ನನ್ನ ಚಿಗವ್ವ, ಅರಿಷಿಣ ಹಚ್ಚಿದಳು. ಆಮೇಲೆ ಶಾಲೆ ಮುಗಿಯುವವರೆಗೂ ಗಂಗಾ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಾಸ್ತರರು ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟು ಹೇಳಿ ಕೂಡುತ್ತಿದ್ದಳು. ಪುಸ್ತಕದ ಮೇಲಿನ ಆಸೆ ಅವಳಿಗೆ ನಿಧಾನವಾಗಿ ಹೋಯಿತು. ಅದು ಹೋಗುತ್ತಿರುವುದು ಅದೇ ಬೆಂಚಿನಲ್ಲಿ ಕೂತಿದ್ದ ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹತ್ತನೇ ತರಗತಿಯಲ್ಲಿ ನಾನು ಮೊದಲ ದರ್ಜೆಯಲ್ಲಿ ಪಾಸಾದೆ. ಗಂಗಾ ಎರಡನೇ ದರ್ಜೆ. ಆ ಬೇಸಿಗೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು, ಅವಳನ್ನು ನೋಡಿಕೊಳ್ಳಲು ಒಬ್ಬರು ಮನೆಯಲ್ಲಿ ಇರಲೇಬೇಕಿತ್ತು. ಹುಡುಗಿಯರಲ್ಲಿ ಒಬ್ಬಳು ಕಾಲೇಜಿಗೆ ಹೋಗಲಿ, ಇನ್ನೊಬ್ಬಳು ಮನೆಯಲ್ಲಿರಲಿ ಎಂದು ಅಜ್ಜ ತೀರ್ಮಾನಿಸಿದ್ದ. ಯಾರು ಹೋಗಬೇಕು ಎನ್ನುವುದು ಮಾತ್ರ ಬಗೆಹರಿದಿರಲಿಲ್ಲ. ನನ್ನ ಅಪ್ಪನೂ ಚಿಕ್ಕಪ್ಪನೂ ಮುಖ ನೋಡಿಕೊಂಡು ಸುಮ್ಮನಿರುತ್ತಿದ್ದರು. ಒಬ್ಬರ ಮಗಳ ಹೆಸರು ಹೇಳಿದರೆ ಇನ್ನೊಬ್ಬರಿಗೆ ನೋವು. ಹಾಗಿರುವಾಗ ಒಂದು ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಮಾಸ್ತರರು ಧಾರವಾಡದಿಂದ ಸೈಕಲ್ ತುಳಿದುಕೊಂಡು ನಮ್ಮ ಮನೆಯ ಮುಂದೆ ಬಂದು ಇಳಿದರು. ಯಾರೂ ಕರೆದಿರಲಿಲ್ಲ. ಹೆಣ್ಣುಮಕ್ಕಳ ಓದು ನಿಲ್ಲಿಸುತ್ತಾರೆ ಎಂದು ಗೊತ್ತಾದರೆ ಅವರು ಹೀಗೆ ಹಳ್ಳಿಹಳ್ಳಿಗೆ ಹೋಗುತ್ತಿದ್ದರಂತೆ. ಇದನ್ನೂ ನಾನು ಹೇಳಲೇಬೇಕು.

ಅಜ್ಜ ಅವರನ್ನು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದ. ಗಂಗಾ ತಂಬಿಗೆಯಲ್ಲಿ ನೀರು ತಂದಿಟ್ಟು ಬಾಗಿಲ ಹಿಂದೆ ಬಂದು ನಿಂತಳು. ನಾನೂ ಅಲ್ಲೇ ಇದ್ದೆ.

“ಇಬ್ಬರೂ ಹುಡುಗ್ಯಾರು ಓದಲಿ ಬಿಡ್ರಿ,” ಅಂದರು ಮಾಸ್ತರರು.

“ಇಬ್ಬರನ್ನ ಕಳಸಾಕ ಆಗೂದಿಲ್ರಿ ಮಾಸ್ತರ. ಮನ್ಯಾಗ ಮುದುಕಿ ಬಿದ್ದಾಳ. ನೀವು ಕಲಿಸಿದವರು, ನೀವ ಹೇಳ್ರಿ. ಯಾರಿಗೆ ವಿದ್ಯಾ ಹತ್ತತೈತಿ?”

ಮಾಸ್ತರರು ನೀರು ಕುಡಿದರು. ತಂಬಿಗೆ ಕೆಳಗಿಟ್ಟು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

“ದೊಡ್ಡಾಕಿನ್ನ ಕಳಸ್ರಿ. ಸಣ್ಣಾಕಿಗೆ ಅಷ್ಟು ತಲಿ ಸಾಲೂದಿಲ್ಲ.”

ಗಂಗಾ ನನ್ನ ಪಕ್ಕದಿಂದ ಸರಿದು ಅಡುಗೆಮನೆಗೆ ಹೋದಳು. ಅವಳು ಅತ್ತದ್ದು ನಾನು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮಾಸ್ತರರಿಗೆ ಚಹಾ ತಂದುಕೊಟ್ಟವಳೂ ಅವಳೇ. ಅವರು ಕಪ್ಪಿನಿಂದ ಬಸಿಗೆ ಹೊಯ್ದುಕೊಂಡು ಕುಡಿದು, “ಚಹಾ ಛಲೋ ಮಾಡೀಯವಾ” ಎಂದರು.

ಹೀಗೆ ನನ್ನ ಓದು ಸಾಗಿತು. ಪಿಯುಸಿ, ಬಿಎಸ್ಸಿ, ಎಂಎಸ್ಸಿ. ಆಮೇಲೆ ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯಾದೆ. ಗಂಗಾ ಮೂರು ವರ್ಷ ಅಜ್ಜಿಯ ಸೇವೆ ಮಾಡಿದಳು. ಅಜ್ಜಿ ತೀರಿದ ಮೇಲೆ ರಾಯಾಪುರದ ಒಂದು ಮನೆಗೆ ಅವಳನ್ನು ಕೊಟ್ಟರು. ಗಂಡ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಒಳ್ಳೆಯ ಮನುಷ್ಯ. ಒಬ್ಬಳು ಮಗಳು. ಹುಬ್ಬಳ್ಳಿ-ಧಾರವಾಡ ಓಡಾಡುವಾಗ ನಾನು ನಡುವೆ ಇಳಿದು ಅವಳ ಮನೆಗೆ ಹೋಗುತ್ತಿದ್ದೆ. ಮಗಳು ಲೆಕ್ಕ ಕೇಳಿದರೆ ಗಂಗಾ, “ನನಗ ತಲಿ ಇಲ್ಲವಾ, ದೊಡ್ಡವ್ವ ಬಂದಾಗ ಕೇಳು” ಎನ್ನುತ್ತಿದ್ದಳು. ನಗುತ್ತಲೇ ಎನ್ನುತ್ತಿದ್ದಳು. ಅದರಲ್ಲಿ ಕಹಿ ಇರಲಿಲ್ಲ, ಮಾಸ್ತರರು ಹೇಳಿದ್ದನ್ನು ಅವಳು ನಂಬಿದ್ದಳು.

ನಾನು ಕಾಲೇಜು ಸೇರಿ ಹತ್ತು ಹನ್ನೆರಡು ವರ್ಷವಾಗಿರಬೇಕು. ಒಂದು ದಿನ ಮೊದಲ ಪಿಯುಸಿಗೆ ಅದೇ ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು.

“ಮ್ಯಾಡಮ್, ತುದಿ ಮುಟ್ಟಿದ ಮ್ಯಾಲ ಅದು ಅಲ್ಲೆ ಎಷ್ಟು ಹೊತ್ತು ನಿಂತಿರತೈತ್ರಿ?”

“ಪರೀಕ್ಷಾಕ್ಕ ಬರೂದು ಕೇಳು. ಕೂಡು,” ಅಂದೆ.

ಅಂದ ಮೇಲೆ ಚಾಕ್‌ಪೀಸ್ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಉತ್ತರ ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದು ಅಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ವೇಗ ಸೊನ್ನೆಯಾದ ಗಳಿಗೆಯಲ್ಲೂ ಭೂಮಿ ಅದನ್ನು ಎಳೆಯುತ್ತಲೇ ಇರುತ್ತದೆ. ಸೂತ್ರ ಬಲ್ಲವರಲ್ಲಿ ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲಿಯೇ. ಸೂತ್ರ ಕಲಿತ ಮರುದಿನವೇ ಗಂಗಾ ಆ ಜಾಗಕ್ಕೆ ತಾನಾಗಿ ಬಂದು ನಿಂತಿದ್ದಳು. ನಾನು ಅಲ್ಲಿಗೆ ಬಂದದ್ದು ಬಿಎಸ್ಸಿಯ ಎರಡನೇ ವರ್ಷದಲ್ಲಿ, ಪುಸ್ತಕ ಓದಿ.

ಮರುದಿನ ಆ ಹುಡುಗಿಗೆ ಉತ್ತರ ವಿವರಿಸಿದೆ. ತಲೆಯಾಡಿಸಿ ಕೂತಳು. ಆ ವರ್ಷ ಮತ್ತೆ ಅವಳು ನನ್ನನ್ನು ಏನೂ ಕೇಳಲಿಲ್ಲ.

ಮಾಸ್ತರರು ನಿವೃತ್ತರಾಗಿ ವಿದ್ಯಾನಗರದಲ್ಲೇ ಅಣ್ಣನ ಮಗನ ಮನೆಯಲ್ಲಿದ್ದಾರೆ, ಆರೋಗ್ಯ ಸರಿಯಿಲ್ಲ ಎಂದು ಕೇಳಿದ್ದೆ. ಅದೇ ಭಾನುವಾರ ನೋಡಲು ಹೋದೆ. ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತು ಮಾತ್ರ ಸ್ವಚ್ಛವಾಗಿತ್ತು.

“ಹೆಬ್ಬಳ್ಳಿ ದೊಡ್ಡಾಕಿ,” ಅಂದರು, ನಾನು ಹೆಸರು ಹೇಳುವ ಮೊದಲೇ. “ಕೂಡು. ಏನ ಕಲಿಸಾಕತ್ತಿ?”

ಹೇಳಿದೆ. ಖುಷಿಪಟ್ಟರು. ನನ್ನ ತರಗತಿಯ ರಿಸಲ್ಟ್ ಎಷ್ಟು ಎಂದು ಕೇಳಿದರು. ಹೇಳಿದಾಗ ಇನ್ನೂ ಸುಧಾರಿಸಬೇಕು ಎಂದರು. ನಾನು ಗಂಗಾಳ ಆ ಪ್ರಶ್ನೆಯ ಮಾತು ತೆಗೆದೆ. ಇಷ್ಟು ವರ್ಷದ ಮೇಲೆ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆ.

“ನೆನಪಿಲ್ಲದ ಏನು? ಮೂವತ್ತು ವರ್ಷ ಕಲಿಸೇನಿ. ಅದನ್ನ ಕೇಳಿದಾಕಿ ಅಕಿ ಒಬ್ಬಾಕಿನ.”

“ಹಂಗಾದ್ರ ಅಕಿಗೆ ಉತ್ತರ ಯಾಕ ಹೇಳಲಿಲ್ರಿ ಸರ್?”

“ಒಬ್ಬಾಕಿಗೆ ಹೇಳಕೋತ ನಿಂತ್ರ ಉಳಿದ ನಲವತ್ತೈದು ಮಂದಿ ಗೊಂದಲಕ್ಕ ಬೀಳತಿದ್ರು. ಪಾಠ ಮುಗಿಯೂದಿಲ್ಲ.”

“ತಲಿ ಸಾಲೂದಿಲ್ಲ ಅಂತ ನಮ್ಮ ಅಜ್ಜಗ ಹೇಳಿದ್ರಲ್ರಿ.”

ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

“ಅಕಿ ತಲಿ ನಿನಕಿಂತ ಚುರುಕು ಇತ್ತು. ಖರೇ. ಇಬ್ಬರನ್ನ ಕಳಸ್ರಿ ಅಂತ ನಾ ಮೊದಲ ಹೇಳಿದೆ, ನಿಮ್ಮ ಅಜ್ಜ ಒಪ್ಪಲಿಲ್ಲ. ಒಬ್ಬಾಕಿ ಅಂದಮ್ಯಾಲ ನಾ ಯಾರನ್ನ ಹೇಳಬೇಕು? ಸಣ್ಣಾಕಿ ಹೋಗಿದ್ರ ಎಲ್ಲಾ ಕಡೆ ಯಾಕ, ಹೆಂಗ ಅಂತ ಕೇಳತಿದ್ದಳು. ಯಾರರೆ ಒಬ್ಬ ಮಾಸ್ತರ ಸಿಟ್ಟಿಗೆದ್ದು ಫೇಲ್ ಮಾಡತಿದ್ದಾ. ಮನಿಗೆ ಬಂದು ಕೂಡತಿದ್ದಳು. ನಿಮ್ಮ ಮನಿಂದ ಒಬ್ಬಾಕಿನೂ ಮುಂದ ಹೋಗತಿದ್ದಿಲ್ಲ. ನೀ ಹೇಳಿದ್ದು ಕೇಳಾಕಿ. ಹೊಡಿ ಅಂದ್ರ ಹೊಡದಿ. ಅವತ್ತ ನನಗ ಗೊತ್ತಾತು, ಈಕಿ ಪಾರಾಗತಾಳ ಅಂತ.”

“ತಪ್ಪು ಮಾಡಿದೆ ಅಂತ ಎಂದೂ ಅನಸಲಿಲ್ಲೇನ್ರಿ?”

“ಎಲ್ಲೆ ತಪ್ಪೇತಿ? ನೀ ಕಾಲೇಜಿನ್ಯಾಗ ಕಲಿಸಾಕತ್ತಿಲ್ಲೇನು?”

ಅಣ್ಣನ ಮಗನ ಹೆಂಡತಿ ಚಹಾ ತಂದಳು. ಕುಡಿದೆ. ಹೊರಡುವಾಗ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಬೇಡ ಎಂದು ಮನಸ್ಸು ಹೇಳುತ್ತಿತ್ತು, ಬೆನ್ನು ಬಾಗಿತು. ಅವರ ಒಳ್ಳೆಯ ಕೈ ನನ್ನ ತಲೆಯ ಮೇಲೆ ಬಂತು.

ಎರಡು ತಿಂಗಳಾದ ಮೇಲೆ ಮಾಸ್ತರರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಧಾರವಾಡದ ಶಾಲೆಯಲ್ಲಿ ಒಂದು ಸಭೆ ಮಾಡಿದರು. ಡಾಕ್ಟರು, ಎಂಜಿನಿಯರು, ಬ್ಯಾಂಕಿನವರು ಎಲ್ಲ ಬಂದಿದ್ದರು. ಅವರ ಶಿಸ್ತು, ಅವರು ಬರೆಯುತ್ತಿದ್ದ ವೃತ್ತ, ಹಣೆ ಬಡಿಯುತ್ತಿದ್ದ ರೀತಿ ಹೇಳಿ ನಕ್ಕರು, ಕಣ್ಣು ಒರೆಸಿಕೊಂಡರು. ಕಪಾಳಕ್ಕೆ ಹೊಡೆಸುತ್ತಿದ್ದುದನ್ನೂ ಒಬ್ಬರು ನೆನೆದರು, ಅದರಿಂದಲೇ ತಾವು ಮನುಷ್ಯರಾದೆವು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನನ್ನೂ ಕರೆದರು. ಬಿಸಿಲಿನಲ್ಲಿ ಸೈಕಲ್ ತುಳಿದು ಹೆಬ್ಬಳ್ಳಿಗೆ ಬಂದು ನನ್ನ ಓದನ್ನು ಉಳಿಸಿದರು ಎಂದು ಹೇಳಿ ಇಳಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅಲ್ಲಿಂದ ಸೀದಾ ರಾಯಾಪುರಕ್ಕೆ ಹೋದೆ. ಗಂಗಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು, ಮಾಸ್ತರರು ಹೋದದ್ದನ್ನು ಹೇಳಿದೆ. ಆಮೇಲೆ ಅವರು ಮಂಚದ ಮೇಲೆ ಕೂತು ನನಗೆ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಅವಳಿಗೆ ನ್ಯಾಯ ಸಿಕ್ಕಂತಾಗುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ.

ರೊಟ್ಟಿಯ ಮೇಲೆ ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ತೆಗೆದು ಬದಿಗಿಟ್ಟಳು.

“ಇದನ್ನ ನನಗ ಯಾಕ ಹೇಳಿದಿ ಅಕ್ಕಾ?”

“ಖರೇ ಏನಂತ ನಿನಗ ಗೊತ್ತಾಗಲಿ ಅಂತ.”

“ತಲಿ ಇಲ್ಲ ಅಂತ ತಿಳಕೊಂಡಿದ್ದೆ. ಇಲ್ಲದ್ದಕ್ಕ ಯಾರು ಅಳತಾರ? ಅಜ್ಜಿ ಹೇಲುಚ್ಚಿ ಬಳದೆ, ರೊಟ್ಟಿ ಬಡದೆ, ಒಂದ ದಿನ ದುಃಖ ಮಾಡಲಿಲ್ಲ. ಈಗ ಇತ್ತು ಅಂತ ಹೇಳತಿ. ಇದನ್ನ ತಗೊಂಡು ನಾ ಏನ ಮಾಡಲಿ?”

ಅವಳು ಹಿಟ್ಟಿನ ಕೈಯನ್ನು ನೋಡಿಕೊಳ್ಳುತ್ತ ಕೂತಳು. ಹೊರಗೆ ಅಂಗಳದಲ್ಲಿ ಅವಳ ಮಗಳು ಗೆಳತಿಯ ಜೊತೆ ಏನೋ ವಾದ ಮಾಡುತ್ತಿದ್ದಳು. ಆಗ ಎಂಟನೇ ತರಗತಿ. ಏನಾದರೂ ಹೇಳಬೇಕೆಂದು ನಾನು, “ಈ ಬ್ಯಾಸಗಿ ಸೂಟಿಗೆ ಅಕಿನ್ನ ನನ್ನ ಮನಿಗೆ ಕಳಸು. ಗಣಿತ, ವಿಜ್ಞಾನ ಎಲ್ಲಾ ನಾನ ಕಲಸತೇನಿ. ಹುಡುಗಿ ಶಾಣ್ಯಾ ಐತಿ” ಅಂದೆ.

ಗಂಗಾ ಮತ್ತೊಂದು ಉಂಡೆ ಕೈಗೆತ್ತಿಕೊಂಡಳು. ಬಡಿಯಲು ಶುರುಮಾಡಿದಳು.

“ಬ್ಯಾಡಕ್ಕಾ,” ಅಂದಳು, ತಲೆಯೆತ್ತದೆ. “ನೀ ಅವರ ಕೈಯಾಗ ಕಲತಾಕಿ.”